ಕಾಗದದ ಮಕ್ಕಳ ಮೌನ

1906ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರವನ್ನು ಭೂಕಂಪ ನಡುಗಿಸಿತು. ಬೆನ್ನಿಗೇ ಎದ್ದ ಬೆಂಕಿಯಲ್ಲಿ ಜನನ ದಾಖಲೆಗಳೂ ಸುಟ್ಟುಹೋದವು. ಅಲ್ಲಿದ್ದ ಚೀನೀಯರ ಪಾಲಿಗೆ ಮುಚ್ಚಿದ್ದ ಬಾಗಿಲೊಂದು ತೆರೆಯಿತು. 1882ರ ಕಾನೂನು ಚೀನೀ ಕೂಲಿಕಾರರ ಪ್ರವೇಶವನ್ನೇ ನಿಷೇಧಿಸಿತ್ತು. ಆದರೆ ಅಮೆರಿಕದಲ್ಲಿ ಹುಟ್ಟಿದವರ ಮಕ್ಕಳು ಬರಬಹುದಿತ್ತು. ‘ನಾನು ಇಲ್ಲೇ ಹುಟ್ಟಿದವನು’ ಎಂದರೆ ಅಲ್ಲವೆನ್ನಲು ದಾಖಲೆ ಎಲ್ಲಿದೆ? ಹಾಗೆ ಪೌರರಾದವರು ಊರಲ್ಲಿ ತಮಗೆ ಇಷ್ಟು ಗಂಡುಮಕ್ಕಳಿದ್ದಾರೆಂದು ಬರೆಸಿ, ಆ ಸ್ಥಾನಗಳನ್ನು ನೆಂಟರಿಗೋ ಪರರಿಗೋ ಮಾರಿದರು. ಈ ರೀತಿ ಬಂದವರಿಗೆ ‘ಕಾಗದದ ಮಕ್ಕಳು’ ಎಂದೇ ಹೆಸರು.

1910ರಿಂದ 1940ರವರೆಗೆ ಏಂಜೆಲ್ ದ್ವೀಪದಲ್ಲಿ ಇಂಥವರ ವಿಚಾರಣೆ ನಡೆಯುತ್ತಿತ್ತು. ಮನೆಗೆ ಎಷ್ಟು ಮೆಟ್ಟಿಲು? ಬಾವಿ ಯಾವ ದಿಕ್ಕಿಗೆ? ಪಕ್ಕದ ಮನೆಯಲ್ಲಿ ಯಾರು? ಉತ್ತರ ಉರುಹೊಡೆದು ಬರಬೇಕು, ತಪ್ಪಿದರೆ ವಾಪಸು ಹಡಗು. ಪಾರಾದವರೂ ಸುಳ್ಳು ಹೆಸರಿನಲ್ಲೇ ಆಯುಷ್ಯ ಕಳೆದರು. ಎಷ್ಟೋ ಗೋರಿಗಳ ಮೇಲೆ ಇಂಗ್ಲಿಷಿನಲ್ಲಿ ಕಾಗದದ ಹೆಸರು, ಚೀನೀ ಲಿಪಿಯಲ್ಲಿ ನಿಜವಾದ ಮನೆತನ!

ನಿಷೇಧ 1943ರಲ್ಲಿ ರದ್ದಾಯಿತೇನೋ ಸರಿ, ಆದರೆ ವರ್ಷಕ್ಕೆ 105 ಮಂದಿಗಷ್ಟೇ ಅವಕಾಶ. 1956ರಲ್ಲಿ ಆರಂಭವಾದ ‘ತಪ್ಪೊಪ್ಪಿಗೆ’ ಯೋಜನೆಯಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ನಿಜ ಹೇಳಿದರು. ಒಬ್ಬ ಬಾಯಿಬಿಟ್ಟರೆ ಅವನ ಕಾಗದದ ಅಪ್ಪ, ಅಣ್ಣತಮ್ಮಂದಿರೂ ಸಿಕ್ಕಿಬೀಳುತ್ತಿದ್ದರು.

ಈ ಇತಿಹಾಸವನ್ನು ಮರೆತು, ‘ಚೀನೀಯರು ಮನಸ್ಸಿನ ನೋವು ಹೇಳಿಕೊಳ್ಳುವವರಲ್ಲ, ಅದು ಅವರ ಸಂಸ್ಕೃತಿ’ ಎಂದುಬಿಡುವುದು ಅರ್ಧ ಸತ್ಯವೇ ಸರಿ. ಮರ್ಯಾದೆಯ ಅಂಜಿಕೆ ಇತ್ತು, ನಿಜ. ಆದರೆ ಮೇಜಿನಾಚೆ ಕುಳಿತವರು ಮನೆಯ ವಿಷಯ ಕೇಳಿದಾಗ ಬಾಯಿ ಬಿಗಿಹಿಡಿಯಬೇಕೆಂಬ ಪಾಠವನ್ನು ಕಾನೂನೂ ಕಲಿಸಿತ್ತು.

1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾಯ್ದೆ, ದೂರದ ಹುಚ್ಚಾಸ್ಪತ್ರೆಗಳ ಬದಲು ಬಡಾವಣೆಗಳಲ್ಲೇ ಮಾನಸಿಕ ಆರೋಗ್ಯ ಕೇಂದ್ರ ತೆರೆಯಲು ದಾರಿ ಮಾಡಿತು. 1965ರ ಹೊಸ ವಲಸೆ ಕಾನೂನಿನಿಂದ ಚೀನೀ ಕುಟುಂಬಗಳೂ ಹೆಚ್ಚಾಗಿ ಬಂದವು. ಆದರೆ ಕೇಂದ್ರಕ್ಕೂ ಕುಟುಂಬಕ್ಕೂ ಭೇಟಿಯಾಗಲಿಲ್ಲ. ಸಿಯಾಟಲ್ ಪ್ರದೇಶದ 17 ಕೇಂದ್ರಗಳನ್ನು ಪರಿಶೀಲಿಸಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಸೂ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಷ್ಯಾ ಮೂಲದವರು ಬರುತ್ತಿದ್ದುದೇ ಕಡಿಮೆ. ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಎರಡನೆಯ ಸಲ ಬರಲಿಲ್ಲ. ವೈದ್ಯರಿಗೆ ಅವರ ಭಾಷೆ ಬರದಿದ್ದರೆ ಮಕ್ಕಳೇ ದುಭಾಷಿಗಳಾಗಬೇಕಿತ್ತು. ಅಮ್ಮನಿಗೆ ಬದುಕೇ ಬೇಡವಾಗಿದೆ ಎಂಬುದನ್ನು ಹತ್ತು ವರ್ಷದ ಮಗಳು ಇಂಗ್ಲಿಷಿಗೆ ತಿರುಗಿಸುವುದುಂಟೇ?

ಕೊನೆಗೆ ಸಮುದಾಯದವರೇ ಮುಂದಾದರು. 1973ರಲ್ಲಿ ಸಿಯಾಟಲ್, ಮರುವರ್ಷ ಓಕ್‌ಲ್ಯಾಂಡ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊಗಳಲ್ಲಿ ಏಷ್ಯಾ ಮೂಲದವರಿಗಾಗಿ, ಅವರ ಭಾಷೆ ಬಲ್ಲವರೇ ನಡೆಸುವ ಸಲಹಾ ಸಂಸ್ಥೆಗಳು ಹುಟ್ಟಿದವು.

ನ್ಯೂಯಾರ್ಕಿನ ಕಥೆ ಇನ್ನೂ ಸ್ವಾರಸ್ಯಕರ. 1971ರಲ್ಲಿ ಅಲ್ಲಿನ ಚೈನಾಟೌನಿನಲ್ಲಿ ಸ್ವಯಂಸೇವಕರು ಬೀದಿಯಲ್ಲೇ ಆರೋಗ್ಯ ಮೇಳ ನಡೆಸಿದರು. ಅದರಿಂದ ಬೆಳೆದದ್ದೇ ಇಂದಿನ ಚಾರ್ಲ್ಸ್ ಬಿ. ವಾಂಗ್ ಆರೋಗ್ಯ ಕೇಂದ್ರ. ಮನಸ್ಸಿನ ಚಿಕಿತ್ಸೆಯನ್ನು ಈ ಕೇಂದ್ರ ಸಾಮಾನ್ಯ ವೈದ್ಯರ ಚಿಕಿತ್ಸೆಯ ಜೊತೆಗೇ ಸೇರಿಸಿತು. ಕಾರಣವಿತ್ತು. ಚೀನೀಯರಲ್ಲಿ ‘ಶೆನ್‌ಜಿಂಗ್ ಶುವಾಯ್‌ರುವೊ’ ಎಂಬ ಕಾಯಿಲೆಯ ಹೆಸರು ಬಳಕೆಯಲ್ಲಿತ್ತು. ನಮ್ಮ ಜಾಹೀರಾತುಗಳಿಂದ ಚಿರಪರಿಚಿತವಾದ ‘ನರದೌರ್ಬಲ್ಯ’ವೇ ಅದರ ಅರ್ಥ! ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1980ರಲ್ಲಿ ಚೀನಾದ ಹುನಾನ್ ಪ್ರಾಂತ್ಯದಲ್ಲಿ ಇಂಥ 100 ರೋಗಿಗಳನ್ನು ಪರೀಕ್ಷಿಸಿದಾಗ, 87 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಂಡವು. ಅವರು ಹೇಳಿಕೊಳ್ಳುತ್ತಿದ್ದುದು ಮಾತ್ರ ತಲೆನೋವು, ನಿದ್ದೆಗೇಡಿನಂಥ ತೊಂದರೆಗಳನ್ನು.

ನಿದ್ದೆ ಬಾರದೆಂದು ಬಂದವರನ್ನು ವೈದ್ಯರು ಅದೇ ಸಂಸ್ಥೆಯ ಸಲಹೆಗಾರರ ಬಳಿಗೆ ಕಳಿಸಬಹುದು. ಆ ಬಾಗಿಲು ದಾಟುವಾಗ ನೆರೆಯವರು ಕಂಡರೂ ಚಿಂತೆಯಿಲ್ಲ. ನೆಗಡಿಯೆಂದು ಬಂದವರೂ ಅಲ್ಲೇ ಕುಳಿತಿರುತ್ತಾರೆ.