ಡ್ಯೂಯಿ ಮೀಸೆ, ಟೈಟಾನಿಕ್ ರೈಲು

ಪತ್ರಿಕೆಗಳ ಇತಿಹಾಸದಲ್ಲಿ ಅತಿ ಹೆಚ್ಚು ನಗೆಪಾಟಲಿಗೀಡಾದ ಹೆಡ್‌ಲೈನ್ ಯಾವುದು ಅಂತ ಕೇಳಿದ್ರೆ ಬಹಳ ಜನ ಬೆರಳು ತೋರಿಸೋದು 1948ರ ನವೆಂಬರ್ 3ರ ಚಿಕಾಗೋ ಟ್ರಿಬ್ಯೂನ್ ಕಡೆಗೆ. ‘ಟ್ರೂಮನ್‌ರನ್ನು ಸೋಲಿಸಿದ ಡ್ಯೂಯಿ’ ಅಂತ ಮುಖಪುಟದಲ್ಲಿ ದಪ್ಪಕ್ಷರ. ಗೆದ್ದಿದ್ದು ಟ್ರೂಮನ್. ಅವರಿಗೆ 303 ಎಲೆಕ್ಟೋರಲ್ ಮತ, ಡ್ಯೂಯಿಗೆ 189. ಪತ್ರಿಕೆಯಲ್ಲಿ ಮುದ್ರಣ ಕಾರ್ಮಿಕರ ಮುಷ್ಕರ ನಡೀತಿತ್ತು, ಹಾಗಾಗಿ ಪುಟಗಳನ್ನ ಮಾಮೂಲಿಗಿಂತ ಗಂಟೆಗಟ್ಟಲೆ ಮುಂಚೆ ಕಳಿಸಬೇಕಿತ್ತು. ಸಮೀಕ್ಷೆಗಳೆಲ್ಲ ಡ್ಯೂಯಿನೇ ಅಂದಿದ್ವು. ಟೆಸ್ಟಿಂಗ್ ಆಮೇಲೆ ನೋಡ್ಕೊಳ್ಳೋಣ, ಮೊದಲು ರಿಲೀಸ್ ಮಾಡ್ರಪ್ಪಾ ಅನ್ನೋ ಮ್ಯಾನೇಜರ್ ಎಲ್ಲ ಕಾಲದಲ್ಲೂ ಇದ್ದಾನೆ. ಸುಮಾರು 1,50,000 ಪ್ರತಿ ಅಚ್ಚಾಗಿ ಹೋಯ್ತು. ಟ್ರೂಮನ್ ಸೇಂಟ್ ಲೂಯಿಸ್ ಸ್ಟೇಷನ್‌ನಲ್ಲಿ ರೈಲಿನ ಹಿಂಬದಿ ನಿಂತು ಅದೇ ಪತ್ರಿಕೆ ಎತ್ತಿ ಹಿಡಿದು ಹಲ್ಲು ಕಿಸಿದ ಫೋಟೋ ನೀವೂ ನೋಡಿರ್ತೀರ.

ಸರಿ, ಆ ಹೆಡ್‌ಲೈನ್ ನಿಜ ಆಗಿದ್ದಿದ್ರೆ?

ಇತಿಹಾಸಕಾರರು ಕೊರಿಯಾ ಯುದ್ಧ, ಶೀತಲ ಸಮರ ಅಂತ ಶುರು ಹಚ್ಕೋತಾರೆ. ಹಳ್ಳಿಯವನಾದ ನನ್ನ ಕಣ್ಣು ನೇರ ಹೋಗೋದು ಡ್ಯೂಯಿ ಮೀಸೆಗೆ. 1913ರಲ್ಲಿ ಟಾಫ್ಟ್ ಅಧಿಕಾರ ಬಿಟ್ಟ ಮೇಲೆ ಶ್ವೇತಭವನದಲ್ಲಿ ಮೀಸೆ ಇರೋ ಅಧ್ಯಕ್ಷ ಕೂತೇ ಇಲ್ಲ. ಡ್ಯೂಯಿ ಗೆದ್ದಿದ್ರೆ ಮೀಸೆಗೆ ಮತ್ತೆ ಮರ್ಯಾದೆ ಬರ್ತಿತ್ತು. ಕೆನಡಿ ಮೀಸೆ, ರೇಗನ್ ಮೀಸೆ, ಒಬಾಮಾಗೆ ನಮ್ಮೂರ ಪಟೇಲರ ಥರ ತುದಿ ತಿರುಗಿಸಿದ ಮೀಸೆ. ವೀಸಾ ಇಂಟರ್‌ವ್ಯೂಗೆ ಚೆನ್ನೈಗೆ ಹೋದ್ರೆ ಕೌಂಟರಿನ ಆಚೆ ಕೂತ ಆಫೀಸರು ಮೀಸೆ ಮೇಲೆ ಕೈ ಹಾಕಿ ‘ಆಗಲ್ಲ, ಹೋಗಯ್ಯಾ’ ಅಂತಿದ್ದ. ಟ್ರೂಮನ್ ಊರಿಗೆ ವಾಪಸಾಗಿ ಮತ್ತೆ ಅಂಗಡಿ ಇಡ್ತಿದ್ರೋ ಏನೋ. ಅವರು 1919ರಲ್ಲಿ ಟೈ, ಶರ್ಟಿನ ಅಂಗಡಿ ತೆಗೆದು 1922ರಲ್ಲಿ ಬಾಗಿಲು ಹಾಕಿದವರು. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆ ಟ್ರಿಬ್ಯೂನ್‌ನವರಿಗೆ ಗೊತ್ತಿದ್ದಿದ್ರೆ ಮಾರನೇ ದಿನದ ಹೆಡ್‌ಲೈನ್ ಆದ್ರೂ ಸುಲಭ ಆಗ್ತಿತ್ತು.

ಇನ್ನೊಂದು ಇದಕ್ಕಿಂತ ನಮಗೆ ಹತ್ತಿರದ್ದು. 1920ರ ಜನವರಿ 13ರಂದು ನ್ಯೂಯಾರ್ಕ್ ಟೈಮ್ಸ್ ತನ್ನ ಸಂಪಾದಕೀಯ ಪುಟದಲ್ಲಿ ರಾಬರ್ಟ್ ಗಾಡರ್ಡ್ ಅನ್ನೋ ರಾಕೆಟ್ ವಿಜ್ಞಾನಿಗೆ ಪಾಠ ಹೇಳ್ತು. ನಿರ್ವಾತದಲ್ಲಿ ಹಿಂದಕ್ಕೆ ತಳ್ಳೋಕೆ ಗಾಳಿನೇ ಇಲ್ಲ, ರಾಕೆಟ್ ಮುಂದೆ ಹೋಗೋದು ಹೇಗೆ, ಹೈಸ್ಕೂಲ್ ಹುಡುಗರಿಗೂ ಗೊತ್ತಿರೋದು ಈ ಮೇಷ್ಟ್ರಿಗೆ ಗೊತ್ತಿಲ್ವಲ್ಲ ಅನ್ನೋ ಧಾಟಿ. ಪಾಪ, ನ್ಯೂಟನ್ನನ ಮೂರನೇ ನಿಯಮ ಮರೆತಿದ್ದು ಪತ್ರಿಕೆ. ರಾಕೆಟ್ ಗಾಳಿಯನ್ನ ತಳ್ಳಲ್ಲ, ತನ್ನ ಹೊಗೆಯನ್ನೇ ಹಿಂದಕ್ಕೆ ಉಗುಳಿ ಮುಂದೆ ಹೋಗುತ್ತೆ.

ಆದ್ರೂ ಸಂಪಾದಕರೇ ಸರಿ ಅಂತ ಇಟ್ಕೊಳ್ಳಿ. ಗಾಳಿ ಮುಗಿದ ತಕ್ಷಣ ರಾಕೆಟ್ ಸುಮ್ಮನಾಗುತ್ತೆ. ಉಪಗ್ರಹ ಇಲ್ಲ. ನಮ್ಮೂರ ಹೆಂಚಿನ ಮೇಲೆ ಡಿಶ್ ಇಲ್ಲ, ಜಿಪಿಎಸ್ ಇಲ್ಲ. ನಿಮ್ಮ ಬಿರಿಯಾನಿ ತರೋ ಹುಡುಗ ಎಚ್‌ಎಸ್‌ಆರ್ ಲೇಔಟಿನ ಟೀ ಅಂಗಡಿ ಮುಂದೆ ನಿಂತು, ‘ಅಣ್ಣಾ, ಹದಿನೇಳನೇ ಕ್ರಾಸ್ ಎಲ್ಲಿ ಬರುತ್ತೆ?’ ಅಂತ ಕೇಳ್ತಿರ್ತಾನೆ. ‘ಮುಂದೆ ಒಂದು ಅರಳಿಮರ ಸಿಗುತ್ತೆ, ಅಲ್ಲಿ ಕೇಳಿ’ ಅನ್ನೋ ಉತ್ತರ. ಇಸ್ರೋ ಬೆಂಗಳೂರಲ್ಲಿ ಬಹುಶಃ ದೀಪಾವಳಿಗೆ ಪಟಾಕಿ ಸಪ್ಲೈ ಮಾಡ್ಕೊಂಡು ಇರ್ತಿತ್ತು. ಮಂಗಳಯಾನ ಹೆಂಗೋ ಅಷ್ಟು ದೂರ ಹೋಯ್ತು ಅಂತಾನೇ ಅಂದ್ಕೊಂಡ್ರೂ, 2014ರ ಸೆಪ್ಟೆಂಬರ್ 24ರಂದು ಬ್ರೇಕ್ ಹಾಕೋಕೆ ಎಂಜಿನ್ ಉರಿಸಿದಾಗ ಏನೂ ಆಗ್ತಿರಲಿಲ್ಲ. ನಮ್ಮೂರ ಗೇಟಲ್ಲಿ ಕೈ ಅಡ್ಡ ಹಾಕಿದ್ರೂ ನಿಲ್ಲಿಸದೆ ಹೋಗೋ ಎಕ್ಸ್‌ಪ್ರೆಸ್ ಬಸ್ಸಿನ ಥರ ಮಂಗಳನ ಮುಂದೆನೇ ಭರ್ರಂತ ಹೋಗ್ತಿತ್ತು.

ಗಾಡರ್ಡ್ ಮಾತ್ರ ಬಿಡಲಿಲ್ಲ. 1926ರ ಮಾರ್ಚ್ 16ರಂದು ಮ್ಯಾಸಚೂಸೆಟ್ಸ್‌ನ ಒಂದು ಕೋಸಿನ ಹೊಲದಲ್ಲಿ ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ ಹಾರಿಸಿದ. ಅದು ಏರಿದ್ದು 41 ಅಡಿ, ಹಾರಿದ್ದು ಎರಡೂವರೆ ಸೆಕೆಂಡು. ತೆಂಗಿನ ಮರಕ್ಕಿಂತ ಕೊಂಚ ಗಿಡ್ಡ ಅನ್ನಿ. ಆದ್ರೆ ಆ ಗೇಲಿಯ ಏಟು ಅವನಿಗೆ ಚೆನ್ನಾಗೇ ತಾಗಿತ್ತು. ಪತ್ರಿಕೆಯವರು ಅಂದ್ರೆ ದೂರ, ಕೆಲಸವೆಲ್ಲ ಗುಟ್ಟಾಗಿ. ಟೈಮ್ಸ್ ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು, ಅಪೋಲೊ 11 ಚಂದ್ರನ ಕಡೆ ಹೊರಟ ಮಾರನೇ ದಿನ. ಒಂದು ಬಗ್ ಸರಿಮಾಡೋಕೆ 49 ವರ್ಷ. ದೂರು ಕೊಡಬೇಕಾದವನು 1945ರಲ್ಲೇ ತೀರಿಕೊಂಡಿದ್ದ.

ಇಷ್ಟು ಹೊತ್ತು ನಾವು ಆಡಿದ್ದು ‘ಆಗಿದ್ದಿದ್ರೆ’ ಆಟ. ಒಂದು ಹೆಡ್‌ಲೈನ್ ವಿಷಯದಲ್ಲಿ ಈ ಆಟವನ್ನ ಜನ ಗೊತ್ತಿಲ್ಲದೆಯೇ ಒಂದು ದಿನದ ಮಟ್ಟಿಗೆ ಆಡಿಬಿಟ್ರು.

1912ರ ಏಪ್ರಿಲ್ 15ರ ಸಂಜೆ ನ್ಯೂಯಾರ್ಕಿನ ಈವ್ನಿಂಗ್ ಸನ್ ಪತ್ರಿಕೆ ಟೈಟಾನಿಕ್‌ನಲ್ಲಿದ್ದವರೆಲ್ಲ ಪಾರಾದರು ಅಂತ ಮುಖಪುಟದಲ್ಲಿ ಹಾಕ್ತು. ಅರೆಬರೆ ವೈರ್‌ಲೆಸ್ ಸಂದೇಶಗಳು ಕಲಸಿಹೋಗಿ, ಹಡಗನ್ನ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಎಳ್ಕೊಂಡು ಬರ್ತಿದಾರೆ ಅನ್ನೋ ಸುದ್ದಿ ಹುಟ್ಟಿತ್ತು. ನಮ್ಮ ಕಡೆ ಹಿಂದೆ ಮನೆಗೆ ತಂತಿ ಬಂತು ಅಂದ್ರೆ ಒಡೆದು ಓದೋ ಮುಂಚೆನೇ ಹೆಂಗಸರು ಅಳೋಕೆ ಶುರು ಮಾಡ್ತಿದ್ರಂತೆ. ಅಲ್ಲಿ ಉಲ್ಟಾ. ಓದಿ ನಿಟ್ಟುಸಿರು ಬಿಟ್ರು. ಪ್ರಯಾಣಿಕರನ್ನ ಕರ್ಕೊಂಡು ಬರೋಕೆ ಹ್ಯಾಲಿಫ್ಯಾಕ್ಸ್‌ಗೆ ವಿಶೇಷ ರೈಲನ್ನೂ ಹೊರಡಿಸಿದ್ರು. ಹಡಗು ಮುಳುಗಿದ್ದು ಅವತ್ತು ಬೆಳಗಿನ ಜಾವ 2:20ಕ್ಕೆ. ಸತ್ತವರು ಸುಮಾರು 1,500. ಸುದ್ದಿ ಗೊತ್ತಾದ ಮೇಲೆ ರೈಲನ್ನ ಅರ್ಧ ದಾರಿಯಿಂದ ವಾಪಸ್ ಕರೆಸಿದ್ರು.

ಹ್ಯಾಲಿಫ್ಯಾಕ್ಸ್‌ನಿಂದ ಏಪ್ರಿಲ್ 17ರಂದು ಮಕೇ-ಬೆನೆಟ್ ಅನ್ನೋ ಕೇಬಲ್ ಹಡಗು ಐಸು, ಶವಪೆಟ್ಟಿಗೆ ತುಂಬ್ಕೊಂಡು ಸಮುದ್ರಕ್ಕೆ ಹೊರಟಿತು. 30ನೇ ತಾರೀಖು 190 ಶವಗಳ ಜೊತೆ ಬಂದರಿಗೆ ಬಂತು. ಆ ಊರಿನ ಸ್ಮಶಾನಗಳಲ್ಲಿ ಇವತ್ತಿಗೂ ಟೈಟಾನಿಕ್‌ನ 150 ಮಂದಿ ಇದ್ದಾರೆ. ಕೆಲವು ಕಲ್ಲುಗಳ ಮೇಲೆ ಹೆಸರಿಲ್ಲ. ಒಂದು ನಂಬರ್, ಮತ್ತೆ ಆ ಸಂಜೆ ಪತ್ರಿಕೆ ಮೇಲಿದ್ದ ಅದೇ ತಾರೀಖು: ಏಪ್ರಿಲ್ 15, 1912.