ಕಾಟೊ ತೊಮೊಸಾಬುರೊ: ರಣದಿಂದ ಸಂಧಿಗೆ

1905ರ ಮೇ 27ರ ಮಧ್ಯಾಹ್ನ ತ್ಸುಷಿಮಾ ಜಲಸಂಧಿಯಲ್ಲಿ ರಷ್ಯದ ಬಾಲ್ಟಿಕ್ ನೌಕಾಪಡೆ ಜಪಾನಿನ ಪಡೆಗೆ ಎದುರಾಯಿತು. ಮುಂಚೂಣಿಯ ಮಿಕಾಸಾ ಹಡಗಿನ ಮೇಲೆ ನಿಂತಿದ್ದವನು ಜಪಾನಿನ ನೌಕಾಧಿಪತಿ ತೋಗೊ. ಅವನ ಮಗ್ಗುಲಲ್ಲಿ ಪಡೆಯ ಸಿಬ್ಬಂದಿ ಮುಖ್ಯಸ್ಥ, ಹಿರೋಷಿಮಾದ ಸಮುರಾಯ್ ಮನೆತನದ ಕಾಟೊ ತೊಮೊಸಾಬುರೊ. ಶತ್ರುವಿನ ಗುಂಡುಗಳಿಗೆ ಪಕ್ಕೆಯೊಡ್ಡಿ ಜಪಾನಿನ ಹಡಗುಗಳು ಒಂದರ ಹಿಂದೊಂದು ತಿರುಗಿದವು. ಮರುದಿನದ ಹೊತ್ತಿಗೆ ರಷ್ಯದ ಪಡೆ ನಾಮಾವಶೇಷವಾಗಿತ್ತು.

ಹತ್ತು ವರ್ಷದ ತರುವಾಯ ಕಾಟೊ ನೌಕಾಮಂತ್ರಿಯಾದ. ಎಂಟು ಯುದ್ಧನೌಕೆ, ಎಂಟು ಸಮರ ಕ್ರೂಸರ್‌ಗಳ ಮಹಾಯೋಜನೆಗೆ 1920ರಲ್ಲಿ ಒಪ್ಪಿಗೆ ಗಳಿಸಿದವನೂ ಆತನೇ. ಮರುವರ್ಷ ಸರ್ಕಾರದ ವೆಚ್ಚದಲ್ಲಿ ಸುಮಾರು ಅರ್ಧದಷ್ಟು ಸೈನ್ಯ ಮತ್ತು ನೌಕಾಪಡೆಗಳ ಪಾಲಾಯಿತು. ಈ ಭಾರವನ್ನು ದೇಶ ಬಹುಕಾಲ ಹೊರಲಾರದೆಂದು ಯೋಜನೆ ಕಟ್ಟಿದವನಿಗೇ ಮನವರಿಕೆಯಾಯಿತು.

1921ರ ನವೆಂಬರ್ 12ರಂದು, ನೌಕಾಬಲಕ್ಕೆ ಮಿತಿ ಹಾಕಲು ಸೇರಿದ್ದ ವಾಷಿಂಗ್ಟನ್ ಸಮ್ಮೇಳನದಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹ್ಯೂಸ್, ಯಾವ ಯಾವ ಹಡಗುಗಳನ್ನು ಒಡೆಯಬೇಕೆಂದು ಹೆಸರು ಹಿಡಿದು ಹೇಳಿದ. ಅಮೆರಿಕ, ಬ್ರಿಟನ್, ಜಪಾನ್‌ಗಳಿಗೆ 5:5:3ರ ಪ್ರಮಾಣ. ಜಪಾನಿನ ನಿಯೋಗದ ನೌಕಾತಜ್ಞ ಕಾಟೊ ಕಾಂಜಿ ಅಮೆರಿಕದ ಹತ್ತಕ್ಕೆ ಏಳಾದರೂ ಬೇಕೆಂದು ಹಟ ಹಿಡಿದ. ಅದೇ ನಿಯೋಗದಲ್ಲಿದ್ದ ಮಂತ್ರಿ ಕಾಟೊ ತೊಮೊಸಾಬುರೊ ಆ ಹಟಕ್ಕೆ ಬಗ್ಗಲಿಲ್ಲ. ದೇಶರಕ್ಷಣೆ ಸೈನಿಕರ ಸ್ವತ್ತಲ್ಲ, ಹಣವಿಲ್ಲದೆ ಯುದ್ಧವಿಲ್ಲ, ಜಪಾನಿಗೆ ಸಾಲ ಕೊಡಬಲ್ಲ ದೇಶ ಅಮೆರಿಕವೊಂದೇ, ಆದುದರಿಂದ ಅದರೊಡನೆ ಯುದ್ಧ ಸಲ್ಲದು. ಇದು ಆತ ತನ್ನ ಇಲಾಖೆಗೆ ಕಳುಹಿಸಿದ ವಾದದ ಸಾರ.

5:5:3ರ ಒಪ್ಪಂದಕ್ಕೆ ಪ್ರತಿಯಾಗಿ ಶಾಂತಸಾಗರದ ದ್ವೀಪಗಳಲ್ಲಿ ಹೊಸ ಕೋಟೆಕೊತ್ತಲ ಕಟ್ಟುವುದಿಲ್ಲವೆಂಬ ಮಾತು ಪಡೆದ. ಒಡೆಯಬೇಕಿದ್ದ ಮುತ್ಸು ನೌಕೆಯನ್ನು ಉಳಿಸಿಕೊಂಡ. ಸಮ್ಮೇಳನ ನಡೆದಿರುವಾಗಲೇ ನಾಗಸಾಕಿಯಲ್ಲಿ ನೀರಿಗಿಳಿದಿದ್ದ ತೋಸಾ ನೌಕೆಗೆ ಮಾತ್ರ ಉಳಿಗಾಲವಿರಲಿಲ್ಲ. ಅರೆಬರೆ ಮುಗಿದ ಅದರ ಒಡಲು ಗುಂಡುಗಳ ಪರೀಕ್ಷೆಗೆ ಗುರಿಯಾಗಿ 1925ರಲ್ಲಿ ಸಮುದ್ರದ ತಳ ಸೇರಿತು.

1922ರ ಜೂನಿನಲ್ಲಿ ಕಾಟೊ ಪ್ರಧಾನಿಯಾದ. ಆ ವರ್ಷ ಮುಗಿಯುವುದರೊಳಗೆ ಸೈಬೀರಿಯಾದ ಮುಖ್ಯಭೂಮಿಯಿಂದ ಜಪಾನಿನ ಸೈನ್ಯ ಮರಳಿತು, ಶಾಂಡೊಂಗ್‌ನಲ್ಲಿ ಹಿಡಿದಿಟ್ಟ ನೆಲ ಚೀನಕ್ಕೆ ಹಿಂದಿರುಗಿತು. 1923ರ ಆಗಸ್ಟ್ 24ರಂದು ಆತ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ.

ಕಾಂಜಿಯ ಪಂಗಡ ಸೋಲನ್ನು ಮರೆಯಲಿಲ್ಲ. 1934ರಲ್ಲಿ ಜಪಾನ್ ಒಪ್ಪಂದವನ್ನು ಕಡಿದುಕೊಳ್ಳುವುದಾಗಿ ಸಾರಿತು. 1941ರಲ್ಲಿ, ಯಾರೊಡನೆ ಕಾದಬಾರದೆಂದು ಕಾಟೊ ಎಚ್ಚರಿಸಿದ್ದನೋ ಆ ದೇಶದ ಮೇಲೆಯೇ ಎರಗಿತು. ಹಿರೋಷಿಮಾದ ಹಿಜಿಯಾಮಾ ಗುಡ್ಡದ ಮೇಲೆ ನಿಲ್ಲಿಸಿದ್ದ ಆತನ ಪ್ರತಿಮೆಯನ್ನೂ ಆ ಯುದ್ಧದ ಲೋಹದ ಬೇಡಿಕೆಗೆ ಕಿತ್ತೊಯ್ದರು.