ಶಾಲೆಯ ಪುಸ್ತಕ ಭಂಡಾರವೂ ಊರಿನ ಹಕ್ಕೂ

ಶಾಲೆಯಲ್ಲಿ ಕಲಿತ ಅಕ್ಷರವು ಶಾಲೆಯನ್ನು ಬಿಟ್ಟಮೇಲೆಯೂ ಉಳಿಯಬೇಕಾದರೆ ಅದಕ್ಕೆ ಪುಸ್ತಕದ ಆಸರೆ ಬೇಕು. ಹನ್ನೆರಡನೆಯ ವಯಸ್ಸಿನಲ್ಲಿ ಪಾಟಿಯನ್ನು ಕೆಳಗಿಟ್ಟು ನೇಗಿಲನ್ನು ಹಿಡಿದ ಹುಡುಗನಿಗೆ ಓದುವುದಕ್ಕೆ ಏನೂ ದೊರೆಯದೆ ಹೋದರೆ, ಮೂವತ್ತನೆಯ ವಯಸ್ಸಿಗೆ ಅವನು ತನ್ನ ಹೆಸರನ್ನು ಬರೆಯಲೂ ತಡವರಿಸುವನು. ಇದನ್ನು ಮನಗಂಡ ದೇಶಗಳಲ್ಲಿ ವಿಚಾರವಂತರಿಗೆ ಹೊಳೆದ ಉಪಾಯಗಳಲ್ಲಿ ಒಂದು, ಶಾಲೆಯೊಳಗೇ ಪುಸ್ತಕ ಭಂಡಾರವನ್ನಿಟ್ಟು ಅದರ ಬಾಗಿಲನ್ನು ಊರಿನವರೆಲ್ಲರಿಗೂ ತೆರೆಯುವುದು. ಕಟ್ಟಡವು ಆಗಲೇ ಇದೆ, ಓದುಬರಹ ಬಲ್ಲ ಉಪಾಧ್ಯಾಯರೂ ಇದ್ದಾರೆ. ಬೇಕಾದುದು ಒಂದು ಕಪಾಟು ಮತ್ತು ನಾಲ್ಕು ಕಟ್ಟಳೆ ಎಂದು ತೋರುವುದು ಸಹಜ. ಆದರೆ ಆ ನಾಲ್ಕು ಕಟ್ಟಳೆಗಳಲ್ಲಿಯೇ ಭಂಡಾರದ ಅಳಿವೂ ಉಳಿವೂ ಅಡಗಿವೆ. ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳುಂಟು. ಅವುಗಳಲ್ಲಿ ಚಿಕ್ಕದೊಂದನ್ನೂ ಬಹು ದೊಡ್ಡದೊಂದನ್ನೂ ಇಲ್ಲಿ ಓದುಗರ ಮುಂದಿಡಬೇಕೆಂದಿದ್ದೇನೆ.

ಸ್ಕಾಟ್‌ಲೆಂಡಿನ ಪರ್ತ್ ಸೀಮೆಯಲ್ಲಿ ಕ್ರೀಫ್ ಎಂಬ ಊರಿಗೆ ಸಮೀಪವಾಗಿ, ಅರ್ನ್ ನದಿಯ ದಡದಲ್ಲಿ, ಇನ್ನರ್‌ಪೆಫ್ರೇ ಎಂಬ ಸಣ್ಣ ಗ್ರಾಮವಿದೆ. ಅಲ್ಲಿಯ ಜಹಗೀರುದಾರನಾದ ಡೇವಿಡ್ ಡ್ರಮಂಡ್, ಮ್ಯಾಡರ್ಟಿಯ ಮೂರನೆಯ ಪ್ರಭು, ಸುಮಾರು ೧೬೮೦ರಲ್ಲಿ ತನ್ನ ಸ್ವಂತ ಪುಸ್ತಕಗಳನ್ನು ಆ ಸೀಮೆಯ ಜನರ ಉಪಯೋಗಕ್ಕಾಗಿ ಬಿಟ್ಟುಕೊಟ್ಟು, ಅವುಗಳ ಜೊತೆಗೆ ಒಂದು ಶಾಲೆಯೂ ನಡೆಯುವಂತೆ ದತ್ತಿಯನ್ನು ಏರ್ಪಡಿಸಿದನು. ಮೊದಲು ಪುಸ್ತಕಗಳಿದ್ದುದು ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ. ೧೭೬೨ರಲ್ಲಿ, ಅದೇ ಮನೆತನದವನಾಗಿ ಯಾರ್ಕಿನ ಆರ್ಚ್‌ಬಿಷಪ್ ಪದವಿಗೇರಿದ್ದ ರಾಬರ್ಟ್ ಹೇ ಡ್ರಮಂಡನ ಪ್ರಯತ್ನದಿಂದ ಅವುಗಳಿಗಾಗಿಯೇ ಒಂದು ಕಟ್ಟಡವು ಸಿದ್ಧವಾಯಿತು. ಶಾಲೆಯ ಉಪಾಧ್ಯಾಯನೇ ಬಹುಕಾಲ ಪುಸ್ತಕಪಾಲಕನೂ ಆಗಿದ್ದನು.

ಈ ಭಂಡಾರದ ಅಮೂಲ್ಯ ವಸ್ತುವೆಂದರೆ ಅಲ್ಲಿಯ ಎರವಲು ಪುಸ್ತಕ. ೧೭೪೭ರಲ್ಲಿ ಆರಂಭವಾದ ಆ ದಾಖಲೆಯು ೧೯೬೮ರವರೆಗೆ ನಡೆದು ಬಂದಿತು. ಪುಸ್ತಕವನ್ನು ಒಯ್ಯುವವನು ತನ್ನ ಹೆಸರನ್ನೂ ಊರನ್ನೂ ಬರೆದು, ಅದನ್ನು ಕೆಡಿಸದೆ ಹಿಂದಕ್ಕೆ ಕೊಡುವೆನೆಂದು ಒಪ್ಪಿಕೊಳ್ಳುವುದು ಅಲ್ಲಿಯ ವಾಡಿಕೆ. ನೇಕಾರರು, ಬಣ್ಣಗಾರರು, ಕಲ್ಲುಕುಟಿಗರು, ಕೂಲಿಯ ಆಳುಗಳು, ಪಾದ್ರಿಗಳು, ವಿದ್ಯಾರ್ಥಿಗಳು, ಎಲ್ಲರ ಹೆಸರುಗಳೂ ಆ ಹಾಳೆಗಳಲ್ಲಿ ಒಂದರ ಕೆಳಗೊಂದು ನಿಂತಿವೆ. ಇಲ್ಲಿ ಮುಂಗಡ ಹಣವಿಲ್ಲ, ಚಂದಾ ಇಲ್ಲ. ಒಬ್ಬನ ಮಾತು ಮತ್ತು ಅವನ ಕೈಬರಹ, ಇವೇ ಜಾಮೀನು. ಇಷ್ಟು ಸರಳವಾದ ಕಟ್ಟಳೆಯು ಎರಡು ಶತಮಾನಗಳಿಗೂ ಮಿಕ್ಕು ಹೇಗೆ ನಡೆಯಿತು? ಜನರ ಪ್ರಾಮಾಣಿಕತೆ ಒಂದು ಕಾರಣವೆಂದು ಧಾರಾಳವಾಗಿ ಹೇಳಬಹುದು. ಅದರಷ್ಟೇ ಮುಖ್ಯವಾದ ಇನ್ನೊಂದು ಕಾರಣವುಂಟು: ಅದಕ್ಕೆ ತನ್ನದೇ ಆದ ದತ್ತಿಯಿತ್ತು, ತನ್ನದೇ ಆದ ಮನೆಯಿತ್ತು, ಅದನ್ನು ನೋಡಿಕೊಳ್ಳುವುದು ಇಂಥವನ ಕೆಲಸವೆಂಬ ನೇಮಕವಿತ್ತು. ಶಾಲೆಯೊಡನೆ ಅದು ಬಾಳಿತು. ಆದರೆ ಶಾಲೆಯ ಖರ್ಚಿನಲ್ಲಿ ಕರಗಿಹೋಗಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿ ಇದೇ ಪ್ರಯೋಗವು ಸಾವಿರಾರು ಪಾಲು ದೊಡ್ಡದಾಗಿ ನಡೆದಾಗ ತಪ್ಪಿದ್ದು ಇದೊಂದೇ ಸೂತ್ರ.

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಗ್ರಾಮಾಂತರ ಪ್ರದೇಶವು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸಣ್ಣ ಸಣ್ಣ ಶಾಲಾ ಮಂಡಲಗಳಾಗಿ ಹಂಚಿಹೋಗಿತ್ತು. ಒಂದು ಶಾಲೆಗೆ ಮಕ್ಕಳನ್ನು ಕಳುಹಿಸಬಲ್ಲಷ್ಟು ವಿಸ್ತಾರವೇ ಒಂದು ಮಂಡಲ. ಅಂಥವು ೧೮೩೦ರ ದಶಕದ ಕೊನೆಗೆ ಹತ್ತು ಸಾವಿರಕ್ಕೂ ಮಿಕ್ಕಿದ್ದುವು. ನಿವಾಸಿಗಳು ವರ್ಷಕ್ಕೊಮ್ಮೆ ಸಭೆ ಸೇರಿ ಪಂಚರನ್ನು ಆರಿಸಿ, ಶಾಲೆಯ ಆಡಳಿತವನ್ನು ಅವರಿಗೆ ಒಪ್ಪಿಸುತ್ತಿದ್ದರು. ಇಂಥ ಪ್ರತಿಯೊಂದು ಶಾಲೆಗೂ ಒಂದು ಸಣ್ಣ ಪುಸ್ತಕ ಸಂಗ್ರಹವು ಇರಬೇಕೆಂದು ಗವರ್ನರ್ ಡಿ ವಿಟ್ ಕ್ಲಿಂಟನ್ ೧೮೨೭ರಲ್ಲಿಯೇ ಶಾಸನಸಭೆಗೆ ಸೂಚಿಸಿದ್ದನು. ಜೆನೆಸಿಯೊ ಎಂಬಲ್ಲಿಯ ಭೂಮಾಲಿಕ ಜೇಮ್ಸ್ ವಾಡ್ಸ್‌ವರ್ತ್ ಎಂಬ ಉದಾರಿಯು ಈ ಕಾರ್ಯಕ್ಕಾಗಿ ಬಹಳ ಶ್ರಮಪಟ್ಟನು. ಅದರ ಫಲವಾಗಿ ೧೮೩೫ರಲ್ಲಿ ಒಂದು ಕಾಯಿದೆಯಾಯಿತು. ಮಂಡಲದ ಮತದಾರರು ಇಷ್ಟಪಟ್ಟರೆ ಪುಸ್ತಕಗಳಿಗಾಗಿ ಮೊದಲ ವರ್ಷ ೨೦ ಡಾಲರುಗಳವರೆಗೂ ತರುವಾಯ ವರ್ಷಕ್ಕೆ ೧೦ ಡಾಲರುಗಳವರೆಗೂ ತೆರಿಗೆಯನ್ನು ಹಾಕಿಕೊಳ್ಳಬಹುದೆಂಬುದು ಅದರ ತಾತ್ಪರ್ಯ. ಇಷ್ಟಪಟ್ಟವರು ಕೆಲವರೇ. ತಾನಾಗಿಯೇ ತೆರಿಗೆಯನ್ನು ಬೇಡಿಕೊಳ್ಳುವ ಊರು ಎಲ್ಲಿದ್ದೀತು?

ಆಗ ಅದೃಷ್ಟವು ಇನ್ನೊಂದು ಬಾಗಿಲಿನಿಂದ ಬಂದಿತು. ೧೮೩೬ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ತನ್ನ ಬೊಕ್ಕಸದಲ್ಲಿ ಮಿಕ್ಕ ಹಣವನ್ನು ಸಂಸ್ಥಾನಗಳಿಗೆ ಠೇವಣಿಯಾಗಿ ಹಂಚಲು ನಿಶ್ಚಯಿಸಿತು. ನ್ಯೂಯಾರ್ಕಿನ ಪಾಲಿಗೆ ಸುಮಾರು ನಲವತ್ತು ಲಕ್ಷ ಡಾಲರುಗಳು ಬಂದುವು. ಆ ನಿಧಿಯ ವರಮಾನದಿಂದ ವರ್ಷಕ್ಕೆ ೫೫,೦೦೦ ಡಾಲರುಗಳನ್ನು ಶಾಲಾ ಮಂಡಲಗಳ ಪುಸ್ತಕ ಭಂಡಾರಗಳಿಗೆಂದೇ ಕೊಡತಕ್ಕದ್ದೆಂದೂ, ಊರುಗಳು ಅಷ್ಟೇ ಹಣವನ್ನು ತೆರಿಗೆಯಿಂದ ಕೂಡಿಸತಕ್ಕದ್ದೆಂದೂ ೧೮೩೮ರ ಕಾಯಿದೆಯು ವಿಧಿಸಿತು. ಒಂದೊಂದು ಮಂಡಲಕ್ಕೆ ಹಂಚಿದರೆ ಇದು ವರ್ಷಕ್ಕೆ ಹತ್ತು ಡಾಲರುಗಳಷ್ಟಾದೀತು. ಅಲ್ಪವೇ ಸರಿ. ಆದರೆ ವರ್ಷವರ್ಷವೂ ತಪ್ಪದೆ ಬರುವ ಅಲ್ಪಕ್ಕೆ, ಒಮ್ಮೆ ಬಂದು ಹೋಗುವ ಅಧಿಕಕ್ಕಿಲ್ಲದ ಶಕ್ತಿಯುಂಟು.

ಈ ಭಂಡಾರಗಳ ಕಟ್ಟಳೆಗಳನ್ನು ನೋಡಿದರೆ ಅವುಗಳನ್ನು ರಚಿಸಿದವರ ವಿವೇಕವು ಮೆಚ್ಚತಕ್ಕದ್ದು. ಪುಸ್ತಕಗಳು ಶಾಲೆಯ ಹೆಸರಿನಲ್ಲಿದ್ದರೂ ಅವು ಮಂಡಲದ ನಿವಾಸಿಗಳೆಲ್ಲರ ಸೊತ್ತು, ಓದಲು ಶುಲ್ಕವಿಲ್ಲ. ಪುಸ್ತಕಪಾಲಕನನ್ನು ವಾರ್ಷಿಕ ಸಭೆಯಲ್ಲಿ ಜನರೇ ಆರಿಸಬೇಕು. ಪುಸ್ತಕಗಳ ರಕ್ಷಣೆಗೆ ಪಂಚರು ಹೊಣೆ. ಒಬ್ಬರಿಗೆ ಒಮ್ಮೆಗೆ ಒಂದು ಪುಸ್ತಕ, ಅದೂ ಗೊತ್ತಾದ ದಿನಗಳವರೆಗೆ. ಗಡುವು ಮೀರಿದರೆ ಅಥವಾ ಪುಸ್ತಕವು ಕೆಟ್ಟರೆ ದಂಡ. ಅಪ್ರಾಪ್ತ ವಯಸ್ಸಿನವರು ಒಯ್ದ ಪುಸ್ತಕಕ್ಕೆ ತಂದೆತಾಯಿಗಳು ಅಥವಾ ಪೋಷಕರು ಉತ್ತರವಾದಿಗಳು. ಎಲ್ಲ ಪುಸ್ತಕಗಳ ಪಟ್ಟಿಯಿರಬೇಕು. ಇಂದು ನಮ್ಮ ಒಂದು ಊರಿನ ಶಾಲೆಯು ತನ್ನ ಕಪಾಟನ್ನು ಜನರಿಗೆ ತೆರೆಯಬೇಕೆಂದು ನಿಶ್ಚಯಿಸಿದರೆ ಇವುಗಳಿಗಿಂತ ಹೆಚ್ಚಿನದನ್ನು ಬರೆಯಬೇಕಾಗಿಲ್ಲ.

ಪುಸ್ತಕಗಳ ಆಯ್ಕೆಯ ವಿಷಯವು ಇನ್ನೂ ಸೂಕ್ಷ್ಮವಾದುದು. ಎಲ್ಲರ ತೆರಿಗೆಯಿಂದ ಕೊಂಡ ಪುಸ್ತಕವು ಒಬ್ಬರ ಮತವನ್ನು ಹೊಗಳಿ ಇನ್ನೊಬ್ಬರ ಮತವನ್ನು ಹಳಿದರೆ ಊರು ಒಡೆಯುವುದು. ಯಾವ ಮತಪಂಥವನ್ನಾದರೂ ಸಮರ್ಥಿಸುವುದಕ್ಕಾಗಲಿ ಖಂಡಿಸುವುದಕ್ಕಾಗಲಿ ಬರೆದ ಗ್ರಂಥಗಳಿಗೆ ಪ್ರವೇಶವಿಲ್ಲವೆಂದೂ, ಆದರೆ ಬೇರೆ ವಿಷಯದ ಉತ್ತಮ ಗ್ರಂಥದಲ್ಲಿ ಗ್ರಂಥಕರ್ತನ ನಂಬಿಕೆಯು ಅಲ್ಲಲ್ಲಿ ಇಣುಕಿದ ಮಾತ್ರಕ್ಕೆ ಅದನ್ನು ಬಹಿಷ್ಕರಿಸಕೂಡದೆಂದೂ ನ್ಯೂಯಾರ್ಕಿನ ಶಿಕ್ಷಣಾಧಿಕಾರಿಗಳು ೧೮೪೦ರ ದಶಕದಲ್ಲಿ ಗೊತ್ತುಮಾಡಿದರು. ನೆರೆಯ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ೧೮೩೭ರಿಂದ ಶಿಕ್ಷಣ ಮಂಡಲಿಯ ಕಾರ್ಯದರ್ಶಿಯಾಗಿದ್ದ ಹೊರೇಸ್ ಮ್ಯಾನ್ ಇದೇ ತತ್ತ್ವಕ್ಕಾಗಿ ಹೋರಾಡಬೇಕಾಯಿತು. ಭಾನುವಾರದ ಮತಬೋಧೆಯ ಶಾಲೆಗಳ ಸಂಘವೊಂದು ತನ್ನ ಪುಸ್ತಕಗಳನ್ನು ಸರ್ಕಾರಿ ಶಾಲೆಗಳಲ್ಲಿಡಬೇಕೆಂದು ಒತ್ತಾಯಪಡಿಸಿದಾಗ ಆತನು ಬಾಗಲಿಲ್ಲ. ಅದಕ್ಕಾಗಿ ಪತ್ರಿಕೆಗಳಲ್ಲಿ ಬೈಗುಳವನ್ನೂ ತಿಂದನು. ಅದೇ ಮ್ಯಾನ್ ೧೮೩೯ರ ತನ್ನ ವರದಿಯಲ್ಲಿ ತೋರಿಸಿದ ಸಂಗತಿಯು ನಮಗೂ ಮನನೀಯವಾದುದು. ಆ ಸಂಸ್ಥಾನದಲ್ಲಿ ಪುಸ್ತಕ ಭಂಡಾರಗಳಿಗೆ ಕೊರತೆಯಿರಲಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಪಾಲುದಾರರವು. ಬಡವನ ಮಗನಿಗೆ ಅವುಗಳ ಬೀಗವೇ ಕಾಣುತ್ತಿತ್ತಲ್ಲದೆ ಪುಸ್ತಕವಲ್ಲ.

ನ್ಯೂಯಾರ್ಕಿನ ಭಂಡಾರಗಳು ವೇಗವಾಗಿ ಬೆಳೆದುವು. ಹಾರ್ಪರ್ ಸಹೋದರರೆಂಬ ಪ್ರಕಾಶಕರು ಈ ಶಾಲೆಗಳಿಗೆಂದೇ ಚರಿತ್ರೆ, ಜೀವನಚರಿತ್ರೆ, ಪ್ರವಾಸಕಥನ, ಪ್ರಕೃತಿಶಾಸ್ತ್ರಗಳ ಒಂದು ಮಾಲೆಯನ್ನೇ ಹೊರತಂದರು. ೧೮೫೩ರ ಹೊತ್ತಿಗೆ ಸಂಸ್ಥಾನದ ಶಾಲಾ ಭಂಡಾರಗಳಲ್ಲಿದ್ದ ಸಂಪುಟಗಳು ಹದಿನಾರು ಲಕ್ಷಕ್ಕೂ ಹೆಚ್ಚು. ಹದಿನೈದೇ ವರ್ಷಗಳಲ್ಲಿ, ರೈಲುದಾರಿಯೂ ತಲಪದ ಹಳ್ಳಿಗಳಲ್ಲಿ, ಸರಾಸರಿ ಮಂಡಲಕ್ಕೆ ನೂರೈವತ್ತರ ಸಮೀಪಕ್ಕೆ ಪುಸ್ತಕಗಳು ಬಂದು ಸೇರಿದ್ದುವು. ಆಗ ನೋಡಿದವರು ಇದು ಶಾಶ್ವತವಾಯಿತೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಆದರೆ ಕೇಡಿನ ಬೀಜವು ಹತ್ತು ವರ್ಷಗಳ ಹಿಂದೆಯೇ ಬಿದ್ದಿತ್ತು. ೧೮೪೩ರ ಕಾಯಿದೆಯಲ್ಲಿ ಒಂದು ಸಣ್ಣ ವಿನಾಯಿತಿಯು ಸೇರಿಕೊಂಡಿತು. ಐವತ್ತಕ್ಕಿಂತ ಹೆಚ್ಚು ಮಕ್ಕಳಿರುವ ಮಂಡಲದಲ್ಲಿ ಪುಸ್ತಕಗಳು ೧೨೫ನ್ನು ಮೀರಿದ್ದರೆ, ಅಥವಾ ಅದಕ್ಕಿಂತ ಚಿಕ್ಕ ಮಂಡಲದಲ್ಲಿ ೧೦೦ನ್ನು ಮೀರಿದ್ದರೆ, ಆ ವರ್ಷದ ಪುಸ್ತಕದ ಹಣವನ್ನು ಭೂಪಟ, ಗೋಲ, ಕಪ್ಪುಹಲಗೆ ಮೊದಲಾದ ಉಪಕರಣಗಳಿಗೆ ಬಳಸಬಹುದು. ಅವೂ ಇದ್ದರೆ, ಮೇಲಧಿಕಾರಿಯ ಒಪ್ಪಿಗೆ ಪಡೆದು, ಉಪಾಧ್ಯಾಯರ ಸಂಬಳಕ್ಕೆ ಬಳಸಬಹುದು. ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಶಾಲೆಗೆ ಭೂಪಟ ಬೇಡವೆನ್ನುವವರು ಯಾರು? ಉಪಾಧ್ಯಾಯನ ಹೊಟ್ಟೆಗಿಲ್ಲದಿರುವಾಗ ಕಪಾಟಿಗೆ ಪುಸ್ತಕವೇಕೆನ್ನುವ ಮಾತಿಗೆ ಎದುರುತ್ತರ ಕೊಡುವುದೂ ಸುಲಭವಲ್ಲ. ಆದರೆ ನೂರು ಪುಸ್ತಕಗಳು ಸಾಕೆಂದು ಒಮ್ಮೆ ಕಾಯಿದೆಯ ಬಾಯಿಂದ ಹೊರಟಮೇಲೆ ನೂರರಾಚೆಗೆ ಭಂಡಾರವು ಬೆಳೆಯುವುದೇ ಒಂದು ದುಂದುಗಾರಿಕೆಯಂತೆ ತೋರತೊಡಗಿತು. ಹೊಸ ಪುಸ್ತಕಗಳು ಬರುವುದು ಕಡಮೆಯಾದಾಗ ಹಳೆಯವುಗಳನ್ನು ಓದಿ ಮುಗಿಸಿದ ಜನರು ಬರುವುದೂ ಕಡಮೆಯಾಯಿತು. ಜನರು ಬರುವುದಿಲ್ಲವೆಂಬುದೇ ಹಣವನ್ನು ಬೇರೆಡೆಗೆ ತಿರುಗಿಸುವುದಕ್ಕೆ ಮುಂದಿನ ಕಾರಣವಾಯಿತು.

ಇದರ ಮೇಲೆ ಇನ್ನೊಂದು ಹಾನಿಯು ಬಂದೊದಗಿತು. ೧೮೪೧ರಲ್ಲಿ ಪ್ರತಿಯೊಂದು ಜಿಲ್ಲೆಗೂ ಶಾಲೆಗಳನ್ನು ಸುತ್ತಿ ನೋಡುವ ಮೇಲ್ವಿಚಾರಕರನ್ನು ನೇಮಿಸಿದ್ದರು. ಅವರು ಭಂಡಾರಗಳ ಲೆಕ್ಕವನ್ನೂ ಕೇಳುತ್ತಿದ್ದರು. ೧೮೪೭ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು. ಉಪಾಧ್ಯಾಯರಾದರೋ ಅವಧಿಗೊಬ್ಬರು ಬಂದು ಹೋಗುವವರು. ಊರಿನ ಮನೆಗಳಲ್ಲಿ ಸರದಿಯ ಮೇಲೆ ಉಂಡು ಮಲಗುವವರು. ಪುಸ್ತಕಗಳ ಹೊಣೆಯನ್ನು ಅವರ ಮೇಲೆ ಹೊರಿಸುವಂತಿರಲಿಲ್ಲ. ಅನೇಕ ಕಡೆಗಳಲ್ಲಿ ಭಂಡಾರವು ಪುಸ್ತಕಪಾಲಕನ ಮನೆಯ ಮೂಲೆಯಲ್ಲಿರುತ್ತಿತ್ತು. ಪಾಲಕನು ಬದಲಾದಾಗಲೆಲ್ಲ ಅದೂ ಗಾಡಿಯೇರಿ ಮನೆ ಬದಲಾಯಿಸುತ್ತಿತ್ತು. ಕೇಳುವವರಿಲ್ಲದ ಮೇಲೆ ಪಟ್ಟಿಯೂ ದಂಡವೂ ಕಾಗದದಲ್ಲಿ ಉಳಿದುವು. ೧೮೭೦ರ ದಶಕದ ಮಧ್ಯಕ್ಕೆ ಹದಿನಾರು ಲಕ್ಷವು ಹೆಚ್ಚು ಕಡಮೆ ಅರ್ಧಕ್ಕೆ ಇಳಿದಿತ್ತು. ಬೆಂಕಿಯೂ ಬೀಳದೆ, ದಂಡೂ ಹಾಯದೆ, ಎಂಟು ಲಕ್ಷದಷ್ಟು ಪುಸ್ತಕಗಳು ಹೀಗೆ ಸದ್ದಿಲ್ಲದೆ ಕಾಣೆಯಾದುವು. ಕಟ್ಟಕಡೆಗೆ ೧೮೯೨ರಲ್ಲಿ ನ್ಯೂಯಾರ್ಕಿನ ಶಾಸನವು ಶಾಲೆಯ ಭಂಡಾರವನ್ನು ಶಾಲೆಗೆಂದೂ ಸಾರ್ವಜನಿಕ ಭಂಡಾರವನ್ನು ಊರಿಗೆಂದೂ ಬೇರ್ಪಡಿಸಿತು.

ಇದಕ್ಕೆ ಮಂಡಲಗಳ ಚಿಕ್ಕತನವೇ ಕಾರಣವೆಂದು ಹೇಳುವವರುಂಟು. ಅದರಲ್ಲಿ ಸತ್ಯವಿಲ್ಲದಿಲ್ಲ. ನೂರು ಮನೆಗಳೂ ಇಲ್ಲದ ಕಡೆ ನೂರು ಪುಸ್ತಕಗಳ ಭಂಡಾರವು ಬೇಗನೆ ಹಳೆಯದಾಗುವುದು. ಮ್ಯಾಸಚೂಸೆಟ್ಸ್ ೧೮೫೧ರಲ್ಲಿ ಇಡೀ ಊರಿಗೆ ಒಂದು ಭಂಡಾರವನ್ನು ತೆರಿಗೆಯಿಂದ ನಡೆಸಲು ಅವಕಾಶ ಕೊಟ್ಟು ಈ ತೊಡಕಿನಿಂದ ಪಾರಾಗುವ ದಾರಿಯನ್ನು ಹಿಡಿಯಿತು. ಆದರೆ ಇನ್ನರ್‌ಪೆಫ್ರೇ ನ್ಯೂಯಾರ್ಕಿನ ಎಷ್ಟೋ ಮಂಡಲಗಳಿಗಿಂತ ದೊಡ್ಡ ಊರಲ್ಲ. ಅಲ್ಲಿ ಭಂಡಾರವು ಉಳಿಯಿತು. ಚಿಕ್ಕತನವು ಭಂಡಾರವನ್ನು ಬಡವಾಗಿಸಬಹುದು. ಅದನ್ನು ನಿರ್ಗತಿಕವಾಗಿಸಿದ್ದು ಅದರ ಹಣವನ್ನು ಬೇರೆಯವರ ಕೊರತೆಗೆ ಮೀಸಲು ನಿಧಿಯಾಗಿ ಮಾಡಿದ ಕಟ್ಟಳೆ.

ಅಮೆರಿಕದ ಅನುಭವವು ಭಾರತಕ್ಕೆ ಬಂದುದು ಬಡೋದೆಯ ಮೂಲಕ. ೧೯೦೬ರಲ್ಲಿ ಆ ದೇಶವನ್ನು ಸಂಚರಿಸಿ ಬಂದ ಮಹಾರಾಜ ಸಯಾಜಿರಾವ್ ಗಾಯಕವಾಡರು, ಅದೇ ವರ್ಷ ತಮ್ಮ ಸಂಸ್ಥಾನಕ್ಕೆಲ್ಲ ಕಡ್ಡಾಯ ಶಿಕ್ಷಣವನ್ನು ವಿಸ್ತರಿಸಿದ್ದರು. ಕಲಿತವರು ಮರೆಯದಂತೆ ಮಾಡಲು ಅವರು ೧೯೧೦ರಲ್ಲಿ ಕನೆಕ್ಟಿಕಟ್ಟಿನಿಂದ ವಿಲಿಯಂ ಬಾರ್ಡನ್ ಎಂಬ ಪುಸ್ತಕಪಾಲಕನನ್ನು ಕರೆಸಿಕೊಂಡರು. ಹಳ್ಳಿಗರು ಒಂದು ಪಾಲನ್ನು ಕೂಡಿಸಿದರೆ ಸ್ಥಳೀಯ ಮಂಡಲಿಯೂ ಸರ್ಕಾರವೂ ಒಂದೊಂದು ಪಾಲನ್ನು ಸೇರಿಸುವುದು ಅಲ್ಲಿಯ ಏರ್ಪಾಡು. ಎಷ್ಟೋ ಹಳ್ಳಿಗಳಲ್ಲಿ ಶಾಲೆಯ ಉಪಾಧ್ಯಾಯರೇ ಪುಸ್ತಕಗಳನ್ನು ನೋಡಿಕೊಂಡರು. ಆದರೆ ಭಂಡಾರಗಳಿಗೆ ಪ್ರತ್ಯೇಕವಾದ ಇಲಾಖೆಯಿತ್ತು, ಕೇಳುವವರಿದ್ದರು, ಪೆಟ್ಟಿಗೆಗಳಲ್ಲಿ ಊರಿಂದೂರಿಗೆ ತಿರುಗುವ ಹೊಸ ಪುಸ್ತಕಗಳಿದ್ದುವು. ನ್ಯೂಯಾರ್ಕಿನಲ್ಲಿ ಇಲ್ಲದಿದ್ದುದು ಇವೇ.

ನಮ್ಮ ನಾಡಿನಲ್ಲಿ ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು, ಸ್ಥಳೀಯ ತೆರಿಗೆಗಳ ಮೇಲೆ ಗ್ರಂಥಾಲಯ ಕರವೆಂದು ಬೇರೆಯಾಗಿ ವಸೂಲುಮಾಡಿ ಅದನ್ನು ಗ್ರಂಥಾಲಯಗಳಿಗೇ ಒಪ್ಪಿಸತಕ್ಕದ್ದೆಂದು ವಿಧಿಸಿದೆ. ತನ್ನ ಹೆಸರಿನ ಹಣವು ತನಗೆ ತಲಪಬೇಕೆಂಬ ಈ ಒಂದು ಮಾತಿನ ಬೆಲೆಯೇನೆಂಬುದನ್ನು ಮೇಲಿನ ಕಥೆಯನ್ನು ತಿಳಿದವರಿಗೆ ವಿವರಿಸಬೇಕಾಗಿಲ್ಲ. ಶಾಲೆಯ ಕಪಾಟಾದರೋ ಆ ಕರದ ನೆರಳಿನಲ್ಲಿಲ್ಲ. ಅದನ್ನು ಊರಿಗೆ ತೆರೆಯಲು ಮನಸ್ಸುಮಾಡುವ ಸಮಿತಿಗಳು ಓದುಗರಿಗೆ ನಿಯಮಗಳನ್ನು ಬರೆಯುವ ಮೊದಲು ತಮಗೆ ಎರಡು ನಿಯಮಗಳನ್ನು ಬರೆದುಕೊಳ್ಳುವುದು ಮೇಲು. ಪುಸ್ತಕಕ್ಕೆಂದು ಇಟ್ಟ ಹಣವನ್ನು ಎಂಥ ಒಳ್ಳೆಯ ಕಾರ್ಯಕ್ಕಾದರೂ ತಿರುಗಿಸುವುದಿಲ್ಲವೆಂಬುದು ಒಂದು. ವರ್ಷಕ್ಕೊಮ್ಮೆ ಪಟ್ಟಿಯನ್ನು ಹಿಡಿದು ಪುಸ್ತಕಗಳನ್ನು ಊರಿನವರ ಎದುರಿಗೆ ಎಣಿಸುವೆವೆಂಬುದು ಮತ್ತೊಂದು. ಗಡುವು ಮೀರಿ ಪುಸ್ತಕವನ್ನಿಟ್ಟುಕೊಂಡ ಓದುಗನಿಂದ ಆ ಭಂಡಾರಕ್ಕೆ ಆಗುವ ನಷ್ಟ ಒಂದು ಸಂಪುಟ ಮಾತ್ರ.